ನೇರ ಪ್ರಸಾರ ತಡವರಿಸಿದಾಗ: ಹೊಸ ಕಾರ್ಡ್ ಕೊಳ್ಳುವ ಮೊದಲು ಮೂರು ಅಂಕಿ ನೋಡಿ



ಕಾಲೇಜು, ಕ್ಲಾಸು, ಲೋಕಲ್ ಟ್ರೇನಿನ ನೂಕುನುಗ್ಗಲು ಎಲ್ಲವನ್ನೂ ಮುಗಿಸಿ, ರಾತ್ರಿ ಊಟವಾದ ಮೇಲೆ ನಿಮ್ಮಲ್ಲಿ ಹಲವರು ಲ್ಯಾಪ್‌ಟಾಪಿನ ಮುಂದೆ ಕುಳಿತು, ತಾವಾಡುವ ಆಟವನ್ನು ಯೂಟ್ಯೂಬಿನಲ್ಲೋ ಟ್ವಿಚ್‌ನಲ್ಲೋ ನೇರ ಪ್ರಸಾರ ಮಾಡುತ್ತೀರೆಂಬುದು ನನಗೆ ಗೊತ್ತು. ಕೆಲವರು ಹಿಂದಿಯಲ್ಲಿ, ಕೆಲವರು ಇಂಗ್ಲಿಷಿನಲ್ಲಿ, ಒಬ್ಬಿಬ್ಬರು ಮನೆಯ ಕನ್ನಡದಲ್ಲಿಯೇ ಮಾತಾಡುತ್ತ ಆಡುತ್ತೀರಿ. ಇದು ಕಾಲಹರಣವೋ ಕಲೆಯೋ ಎಂಬ ಚರ್ಚೆಯನ್ನು ಸಂಘದ ಮಹಾಸಭೆಗೆ ಬಿಡೋಣ. ನಾನು ಹೇಳಹೊರಟಿರುವುದು ಒಂದು ರಿಪೇರಿಯ ವಿಷಯ. (ಕನ್ನಡ ಓದುವುದು ನಿಧಾನವೆನಿಸಿದರೆ ಅಮ್ಮನ ಕೈಲಿ ಓದಿಸಿ ಕೇಳಿ. ಅವರಿಗೂ ನಿಮ್ಮ ಕಷ್ಟ ಏನೆಂದು ತಿಳಿದಂತಾಗುತ್ತದೆ.)

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಆಟ ನಿಮ್ಮ ಪರದೆಯ ಮೇಲೆ ನೀರು ಹರಿದಂತೆ ಸಾಗುತ್ತಿದೆ. ಆದರೆ ಅತ್ತ ನೋಡುತ್ತಿರುವ ಗೆಳೆಯ, “ಏನೋ ಇದು, ಫೋಟೋ ಆಲ್ಬಮ್ ತಿರುವಿದ ಹಾಗೆ ಕಾಣುತ್ತಿದೆ” ಎಂದು ಬರೆಯುತ್ತಾನೆ. ಅಥವಾ ಪ್ರಸಾರದ ಬಟನ್ ಒತ್ತಿದೊಡನೆ ಆಟವೇ ಕುಂಟತೊಡಗುತ್ತದೆ. ಎರಡಕ್ಕೂ ನೀವು ಬರುವ ತೀರ್ಮಾನ ಒಂದೇ: “ಗ್ರಾಫಿಕ್ಸ್ ಕಾರ್ಡ್ ಸಾಲದು.” ಮರುದಿನ ಅಪ್ಪನ ಮುಂದೆ ಬೇಡಿಕೆ. ಹತ್ತಾರು ಸಾವಿರ ರೂಪಾಯಿಯ ಮಾತು. ಮನೆಸಾಲದ ಕಂತು ಕಟ್ಟುತ್ತಿರುವವರಿಗೆ ಅದು ಸಣ್ಣ ಮೊತ್ತವಲ್ಲ. ಬೇಸರದ ಸಂಗತಿಯೆಂದರೆ, ಅಷ್ಟು ಹಣ ಸುರಿದ ಮೇಲೂ ಎಷ್ಟೋ ಮನೆಗಳಲ್ಲಿ ಚಿತ್ರ ಮೊದಲಿನಂತೆಯೇ ತಡವರಿಸುತ್ತದೆ. ಏಕೆಂದರೆ ರೋಗ ಇದ್ದದ್ದು ಬೇರೆಡೆ.

ಮೊದಲು ಸ್ವಲ್ಪ ಲೆಕ್ಕ. ಪರದೆಯ ಮೇಲಿನ ಚಲನೆಯೆಂಬುದು ಬಿಡಿ ಚಿತ್ರಗಳ ಸಾಲು, ಇದು ನಿಮಗೆ ತಿಳಿದದ್ದೇ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ನಮ್ಮ ದೂರದರ್ಶನದಲ್ಲಿ 25. ಆಟದ ಪ್ರಸಾರದಲ್ಲಿ ಈಗ 60 ಎಂಬುದು ವಾಡಿಕೆಯಾಗಿಬಿಟ್ಟಿದೆ. ಅಂದರೆ ಒಂದೊಂದು ಫ್ರೇಮಿಗೆ ಸಿಗುವ ಕಾಲಾವಕಾಶ ಸುಮಾರು 16.7 ಮಿಲಿಸೆಕೆಂಡು. 1920×1080 ಅಳತೆಯ ಒಂದು ಫ್ರೇಮಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ 24 ಬಿಟ್‌ನಂತೆ ಹಿಡಿದರೆ, ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್. ಟ್ವಿಚ್‌ನವರು ಈ ಅಳತೆಗೆ ಸೂಚಿಸುವ ಪ್ರಮಾಣ ಸೆಕೆಂಡಿಗೆ 6000 ಕಿಲೋಬಿಟ್, ಅಂದರೆ 60 ಲಕ್ಷ ಬಿಟ್. ಐನೂರರಲ್ಲಿ ಒಂದು ಪಾಲು! ನಿಮ್ಮ ಬಡಪಾಯಿ ಲ್ಯಾಪ್‌ಟಾಪು ಆಟವನ್ನೂ ನಡೆಸುತ್ತ, ಚಿತ್ರವನ್ನು ಹೀಗೆ ಐನೂರು ಪಟ್ಟು ಹಿಂಡಿ, ಒಂದು ಫ್ರೇಮೂ ತಡವಾಗದಂತೆ ಹೊರಗೆ ಕಳಿಸಬೇಕು. ಅದು ಎಡವುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲಿ ಎಡವಿತು ಎಂಬುದಷ್ಟೇ ಪ್ರಶ್ನೆ.

ಮುಂಬಯಿಯವರಾದ ನಮಗೆ ಡಬ್ಬಾವಾಲಾರ ಉದಾಹರಣೆ ಹತ್ತಿರದ್ದು. ಮನೆಯಲ್ಲಿ ಅಡುಗೆಯಾಗಬೇಕು, ಅದನ್ನು ಡಬ್ಬಿಗೆ ತುಂಬಬೇಕು, ಡಬ್ಬಿ ಟ್ರೇನು ಹತ್ತಿ ಆಫೀಸು ಮುಟ್ಟಬೇಕು. ಮಧ್ಯಾಹ್ನ ಒಂದಕ್ಕೆ ಊಟ ಬರಲಿಲ್ಲವೆಂದರೆ ತಪ್ಪು ಈ ಮೂರರಲ್ಲಿ ಎಲ್ಲಿಯೂ ಆಗಿರಬಹುದು. ಹಸಿದವನಿಗೆ ಮಾತ್ರ ಮೂರೂ ಒಂದೇ. ಪ್ರಸಾರದಲ್ಲಿಯೂ ಹಾಗೆಯೇ: ಚಿತ್ರ ಸಿದ್ಧವಾಗುವುದು ಅಡುಗೆ, ಅದನ್ನು ಹಿಂಡಿ ಕಟ್ಟುವುದು ಡಬ್ಬಿ ತುಂಬುವ ಕೆಲಸ, ಇಂಟರ್‌ನೆಟ್ ಎಂಬುದು ಟ್ರೇನು. ಟ್ರೇನು ತಡವಾಗಿದ್ದಕ್ಕೆ ಹೊಸ ಒಲೆ ಕೊಂಡರೆ ಏನು ಬಂತು?

ಯಾವ ಹಂತದಲ್ಲಿ ತಡವಾಗುತ್ತಿದೆ ಎಂಬುದನ್ನು ಊಹಿಸಬೇಕಾಗಿಲ್ಲ, ಅದು ಎಣಿಸಿಯೇ ಇಟ್ಟಿರುತ್ತದೆ. ನಿಮ್ಮಲ್ಲಿ ಬಹುಮಂದಿ ಬಳಸುವುದು ಒಬಿಎಸ್ ಸ್ಟುಡಿಯೋ. 2012ರಲ್ಲಿ ಹ್ಯೂ ಬೈಲಿ ಎಂಬವರು ಆರಂಭಿಸಿದ, ಇಂದಿಗೂ ಪುಕ್ಕಟೆಯಾಗಿ ಸಿಗುವ ತಂತ್ರಾಂಶ. ಅದರ ವ್ಯೂ ಮೆನುವಿನಲ್ಲಿ ಸ್ಟಾಟ್ಸ್ ಎಂಬ ಕಿಟಕಿಯೊಂದಿದೆ. ನಾನು ಕಂಡಂತೆ ಹತ್ತರಲ್ಲಿ ಎಂಟು ಮಂದಿ ಅದನ್ನು ತೆರೆದೇ ನೋಡಿರುವುದಿಲ್ಲ. ಅದರಲ್ಲಿ ಮೂರು ಅಂಕಿಗಳು ನಮಗೆ ಬೇಕಾದವು. ಮೊದಲನೆಯದು ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮುಗಳು, ಇದು ಅಡುಗೆ. ಎರಡನೆಯದು ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದವು, ಇದು ಡಬ್ಬಿ. ಮೂರನೆಯದು ನೆಟ್‌ವರ್ಕ್‌ನಲ್ಲಿ ಡ್ರಾಪ್ ಆದವು, ಇದು ಟ್ರೇನು. ಅರ್ಧ ಗಂಟೆ ಎಂದಿನಂತೆ ಆಡಿ, ಪ್ರಸಾರ ಮಾಡಿ, ಈ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವುದು ಏರಿದೆಯೋ ಅಲ್ಲಿ ಕೈಹಾಕಿ. ಏರದೆ ಇದ್ದುದನ್ನು ಮುಟ್ಟಬೇಡಿ. ಹತ್ತು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು.

ಒಲೆ ಒಂದೇ, ಅಡುಗೆ ಎರಡು

ಮೊದಲ ಅಂಕಿ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರಾಡಲು ಬಿಡುವಿಲ್ಲವೆಂದರ್ಥ. ಆಟ ಮಾತ್ರವಲ್ಲ, ಆಟದ ಚಿತ್ರ, ನಿಮ್ಮ ಮುಖ, ಮೂಲೆಯಲ್ಲಿ ಕುಣಿಯುವ ಅಕ್ಷರಗಳು ಇವೆಲ್ಲವನ್ನೂ ಸೇರಿಸಿ ಒಂದು ಫ್ರೇಮು ಮಾಡುವ ಒಬಿಎಸ್‌ನ ಕೆಲಸವೂ ಅದೇ ಕಾರ್ಡಿನ ಮೇಲೆ ನಡೆಯುತ್ತದೆ. ಆಟವೆಂಬುದು ಮೂಲತಃ ದುರಾಸೆಯದು. ತಡೆಯದಿದ್ದರೆ ಸೆಕೆಂಡಿಗೆ 140, 180 ಎಂದು ಫ್ರೇಮುಗಳನ್ನು ತೆಗೆಯುತ್ತ ಕಾರ್ಡನ್ನು ಪೂರಾ ನುಂಗುತ್ತದೆ. ನೋಡುವವರಿಗೆ ತಲುಪುವುದು 60 ಮಾತ್ರ. ಆದುದರಿಂದ ಇಲ್ಲಿಯ ಮದ್ದು ಸ್ವಲ್ಪ ವಿಚಿತ್ರ: ಪ್ರಸಾರ ಓಡಬೇಕಾದರೆ ಆಟದ ಓಟವನ್ನು ತಗ್ಗಿಸಬೇಕು. ಆಟದ ಸೆಟ್ಟಿಂಗ್‌ನಲ್ಲಿಯೇ ಫ್ರೇಮ್ ಮಿತಿ ಇರುತ್ತದೆ, ಅದನ್ನು 60ಕ್ಕೋ 90ಕ್ಕೋ ಇಳಿಸಿ. ವ್ಯಾಲೊರಂಟ್ ಆಡುವವರು, “ಕೈ ನಿಧಾನವಾಗುತ್ತದೆ ಅಂಕಲ್” ಎಂದು ತಕರಾರು ತೆಗೆಯುತ್ತಾರೆ. ಒಪ್ಪಿದೆ, 120 ಇಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಅಂಕಿ ನೂರಕ್ಕೆ ಅಂಟಿಕೊಂಡಿರದಿದ್ದರೆ ಸರಿ. ಅದರ ಜೊತೆಗೆ ನೆರಳು, ಪ್ರತಿಬಿಂಬ ಮುಂತಾದ ಅಲಂಕಾರಗಳನ್ನು ಒಂದು ಮೆಟ್ಟಿಲು ಕೆಳಗಿಳಿಸಿ. ಐನೂರು ಪಟ್ಟು ಹಿಂಡಿದ ಚಿತ್ರದಲ್ಲಿ ಆ ನೆರಳಿನ ಸೊಗಸನ್ನು ಯಾರೂ ಕಾಣುವುದಿಲ್ಲ.

ವಿಂಡೋಸ್‌ನಲ್ಲಿ ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದು ಕಾರ್ಡಿನ ಬಳಿ ಆದ್ಯತೆಯನ್ನು ಕೇಳಿ ಪಡೆಯುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಉಪಾಯವನ್ನು ಮೊದಲು ಮಾಡಿ ನೋಡಿ. ಇಡೀ ಪರದೆಯನ್ನು ಹಿಡಿಯುವ ಡಿಸ್‌ಪ್ಲೇ ಕ್ಯಾಪ್ಚರ್ ಬದಲಿಗೆ ಆಟವನ್ನು ಮಾತ್ರ ಹಿಡಿಯುವ ಗೇಮ್ ಕ್ಯಾಪ್ಚರ್ ಬಳಸಿ. ಲ್ಯಾಪ್‌ಟಾಪಿನಲ್ಲಿ ಇಂಟೆಲ್‌ದೊಂದು, ಎನ್‌ವಿಡಿಯಾದೊಂದು ಹೀಗೆ ಎರಡು ಗ್ರಾಫಿಕ್ಸ್ ಇದ್ದರೆ, ಗೇಮ್ ಕ್ಯಾಪ್ಚರ್‌ಗೆ ಆಟ ಮತ್ತು ಒಬಿಎಸ್ ಎರಡೂ ಒಂದೇ ಕಾರ್ಡಿನ ಮೇಲೆ ಓಡಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಇದನ್ನು ಗೊತ್ತುಪಡಿಸಬಹುದು. ಇನ್ನು ಆ ಹಾರುವ ಹೃದಯಗಳು, ಉರಿಯುವ ಹೆಸರುಗಳು! ಅವುಗಳಲ್ಲಿ ಬಹುಪಾಲು ಒಳಗೊಳಗೇ ಒಂದೊಂದು ಬ್ರೌಸರ್ ಕಿಟಕಿ. ಐದಾರು ಇಟ್ಟುಕೊಂಡರೆ ಅವೂ ಕಾರ್ಡನ್ನು ತಿನ್ನುತ್ತವೆ. ಅರ್ಧವನ್ನು ತೆಗೆದರೆ ಚೆಂದವೂ ಹೆಚ್ಚುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಡಬ್ಬಿ ತುಂಬುವವರು ಯಾರು?

ಎರಡನೆಯ ಅಂಕಿ ಏರಿದಾಗ ಒಬಿಎಸ್ ತಾನೇ ಕೆಳಗೆ “ಎನ್‌ಕೋಡಿಂಗ್ ಓವರ್‌ಲೋಡೆಡ್” ಎಂದು ಎಚ್ಚರಿಸುತ್ತದೆ. ಚಿತ್ರವನ್ನು ಹಿಂಡುವ ಕೆಲಸವನ್ನು ಇಬ್ಬರಲ್ಲಿ ಒಬ್ಬರು ಮಾಡಬಹುದು. ಎಕ್ಸ್264 ಎಂದು ಆರಿಸಿದರೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಮಾಡುತ್ತದೆ. ಆಟಕ್ಕೂ ಬೇಕಾದದ್ದು ಅದೇ ಪ್ರೊಸೆಸರು, ಹಾಗಾಗಿ ಜಗಳ. ಅದರ ಬದಲು ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಭಾಗವೊಂದಿರುತ್ತದೆ. ಇಂಟೆಲ್‌ನವರು 2011ರಲ್ಲಿ ತಂದ ಕ್ವಿಕ್ ಸಿಂಕ್, ಎನ್‌ವಿಡಿಯಾದವರು 2012ರಲ್ಲಿ ತಂದ ಎನ್‌ವೆಂಕ್ ಇಂಥವು, ಎಎಂಡಿಯವರದ್ದೂ ಇದೆ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡರ್ ಬದಲಾಯಿಸಿದರೆ ಕೆಲಸ ಅತ್ತ ಹೋಗುತ್ತದೆ, ಪ್ರೊಸೆಸರು ನಿರಾಳ. ಮೊದಮೊದಲು ಇವುಗಳ ಚಿತ್ರ ಮಂಕಾಗಿರುತ್ತದೆಂಬ ಅಪವಾದವಿತ್ತು. 2018ರ ಆರ್‌ಟಿಎಕ್ಸ್ 20 ಸಾಲಿನಿಂದೀಚೆಗೆ ಆ ಮಾತು ನಿಲ್ಲುವುದಿಲ್ಲ.

ಇಲ್ಲೊಂದು ಸೂಕ್ಷ್ಮ. ಎನ್‌ವಿಡಿಯಾ ಸ್ಟಿಕರ್ ಅಂಟಿಸಿರುವ ಲ್ಯಾಪ್‌ಟಾಪುಗಳಲ್ಲೆಲ್ಲ ಎನ್‌ವೆಂಕ್ ಇರುವುದಿಲ್ಲ. ಎಂಎಕ್ಸ್150, ಎಂಎಕ್ಸ್250 ಮುಂತಾದ ಸಣ್ಣ ಕಾರ್ಡುಗಳಲ್ಲಿ ಅದು ಇಲ್ಲ. ನಿಮ್ಮ ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದರೆ ಡ್ರೈವರ್ ಕೆಟ್ಟಿದೆಯೆಂದು ಇಡೀ ರಾತ್ರಿ ಒದ್ದಾಡಬೇಡಿ. ಇಂಟೆಲ್‌ನ ಕ್ವಿಕ್ ಸಿಂಕ್ ಇದೆಯೇ ನೋಡಿ, ಅದನ್ನು ಆರಿಸಿ. ಎರಡೂ ಇಲ್ಲದ ಹಳೆಯ ಯಂತ್ರವಾದರೆ ಎಕ್ಸ್264ನಲ್ಲಿಯೇ ಇದ್ದು ಪ್ರೀಸೆಟ್ ಅನ್ನು ವೆರಿಫಾಸ್ಟ್‌ನಿಂದ ಸೂಪರ್‌ಫಾಸ್ಟ್‌ಗೆ ಸರಿಸಿ. ಈ ಹೆಸರುಗಳು ಎಷ್ಟು ವೇಗದವೋ ಪ್ರೊಸೆಸರಿಗೆ ಅಷ್ಟು ಹಗುರ, ಚಿತ್ರ ಅಷ್ಟಷ್ಟು ಒರಟು.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಅಳತೆಯಲ್ಲಿದೆ. 1080ರ ಬದಲು 720 ಸಾಲುಗಳ ಚಿತ್ರ, 60ರ ಬದಲು 30 ಫ್ರೇಮು ಕಳಿಸಿದರೆ ಹಿಂಡಬೇಕಾದ ಬಿಂದುಗಳು ನಾಲ್ಕೂವರೆ ಪಟ್ಟು ಕಡಿಮೆಯಾಗುತ್ತವೆ. “720 ಅಂದರೆ ನಾಚಿಕೆ” ಎನ್ನುವವರಿಗೆ ಒಂದು ಮಾತು: ನಿಮ್ಮ ವೀಕ್ಷಕರಲ್ಲಿ ಅನೇಕರು ನೋಡುವುದು ಅಂಗೈಯಗಲದ ಮೊಬೈಲಿನಲ್ಲಿ. ಅಲ್ಲಿ 720ಕ್ಕೂ 1080ಕ್ಕೂ ವ್ಯತ್ಯಾಸ ಹುಡುಕಬೇಕು, ತಡವರಿಕೆಯನ್ನು ಹುಡುಕಬೇಕಾಗಿಲ್ಲ. ಓಡುವ, ಗುಂಡು ಹಾರಿಸುವ ಆಟಕ್ಕೆ 720 ಮತ್ತು 60, ನಿಧಾನದ ಆಟಕ್ಕೆ 30 ಸಾಕು.

ಟ್ರೇನು ತಡ

ಮೂರನೆಯ ಅಂಕಿಯದೇ ಹೆಚ್ಚಿನ ಕಾಟ, ಮತ್ತು ಜನ ಅನುಮಾನಿಸುವುದೂ ಇದನ್ನೇ ಕೊನೆಗೆ. ಡೊಂಬಿವಿಲಿಯಲ್ಲಿ ನಮ್ಮ ಪರಿಚಯದ ಒಂದು ಮನೆ. ಮಗ ಎಂಜಿನಿಯರಿಂಗ್ ಎರಡನೆಯ ವರ್ಷ, ವಾರಕ್ಕೆ ಮೂರು ರಾತ್ರಿ ಕನ್ನಡದಲ್ಲಿ ಮಾತಾಡುತ್ತ ಪ್ರಸಾರ ಮಾಡುತ್ತಾನೆ. ನೋಡುವವರು ಮೂವತ್ತು ನಲವತ್ತು ಮಂದಿ, ಅದರಲ್ಲಿ ಧಾರವಾಡದ ಅಜ್ಜಿಯೂ ಒಬ್ಬರು. ಆಟ ಅವರಿಗೆ ಅರ್ಥವಾಗದು. ಮೊಮ್ಮಗ ತಮ್ಮ ಭಾಷೆಯಲ್ಲಿ ಎರಡು ತಾಸು ಮಾತಾಡುವುದೇ ಅವರಿಗೆ ಸಾಕು. ಫೋನು ಮಾಡಿದಾಗ ಅಜ್ಜಿ, “ಯಾಕ ತಮ್ಮಾ, ನಿನ್ನ ದನಿ ಬರ್ತೈತಿ, ಚಿತ್ರ ಮಾತ್ರ ನಿಂತ ಬಿಡ್ತೈತಿ” ಎಂದರಂತೆ. ಹುಡುಗ ಕಾರ್ಡಿಗೆ ಬೇಡಿಕೆಯಿಟ್ಟ, ತಂದೆ ಹಣವನ್ನೂ ಎತ್ತಿಟ್ಟಿದ್ದರು.

ನಿಜವಾಗಿ ಅಜ್ಜಿ ಹೇಳಿದ ಆ ಒಂದು ವಾಕ್ಯದಲ್ಲಿಯೇ ರೋಗ ನಿದಾನವಿತ್ತು. ಲೈನು ಕಟ್ಟಿಕೊಂಡಾಗ ಒಬಿಎಸ್ ದನಿಯನ್ನು ಉಳಿಸಿಕೊಂಡು ಚಿತ್ರದ ಫ್ರೇಮುಗಳನ್ನು ಹೊರಗೆ ಚೆಲ್ಲುತ್ತದೆ. ಸ್ಟಾಟ್ಸ್ ತೆರೆದರೆ ಮೊದಲ ಎರಡು ಅಂಕಿ ಸೊನ್ನೆ, ಮೂರನೆಯದು ಶೇಕಡಾ 12! ರೂಟರ್ ಇದ್ದದ್ದು ಹಾಲಿನಲ್ಲಿ, ಹುಡುಗ ಒಳಗಿನ ಕೋಣೆಯಲ್ಲಿ, ನಡುವೆ ಎರಡು ಗೋಡೆ ಮತ್ತು ಒಂದು ಉಕ್ಕಿನ ಕಪಾಟು. ಲ್ಯಾಪ್‌ಟಾಪು 2.4 ಗಿಗಾಹರ್ಟ್ಸ್ ವೈಫೈ ಹಿಡಿದು ಕುಳಿತಿತ್ತು; ಆ ಕಟ್ಟಡದ ಪ್ರತಿಯೊಂದು ಮನೆಯ ವೈಫೈಯೂ ಅದೇ ಕಿರಿದಾದ ಗಲ್ಲಿಯಲ್ಲಿ ಓಡಾಡುತ್ತಿತ್ತು. ಕೆಲವು ನೂರು ರೂಪಾಯಿಯ ಲ್ಯಾನ್ ಕೇಬಲ್ ತಂದು ಗೋಡೆಯಂಚಿನಲ್ಲಿ ಎಳೆದರು, ಅಂಕಿ ಸೊನ್ನೆಗೆ ಬಂತು. ಎತ್ತಿಟ್ಟ ಹಣ ತಂಗಿಯ ಕ್ಲಾಸಿನ ಫೀಸಿಗೆ ಹೋಯಿತು. ಹುಡುಗನಿಗೆ ಕಾರ್ಡು ಸಿಗಲಿಲ್ಲವೆಂಬ ಬೇಸರ ಒಳಗೊಳಗೇ ಇದೆ, ಅದು ಬೇರೆ ಮಾತು.

ಕೇಬಲ್ ಎಳೆಯಲಾಗದ ಬಾಡಿಗೆ ಮನೆಯಾದರೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಆದರೆ ಅದು ಗೋಡೆ ದಾಟುವುದರಲ್ಲಿ ಸೋಮಾರಿ, ಆದಷ್ಟು ರೂಟರಿನ ಕಣ್ಣಿಗೆ ಬೀಳುವಂತೆ ಕುಳಿತುಕೊಳ್ಳಿ. ಜಾಹೀರಾತಿನ 100 ಎಂಬಿಪಿಎಸ್ ನೋಡಿ ನಂಬಬೇಡಿ. ಅದು ಬರುವ ವೇಗ. ನಿಮಗೆ ಬೇಕಾದದ್ದು ಹೋಗುವ ವೇಗ, ಅಂದರೆ ಅಪ್‌ಲೋಡ್. ಫೈಬರಿನಲ್ಲಿ ಎರಡೂ ಸಾಮಾನ್ಯವಾಗಿ ಸರಿಸಮ, ಬೇರೆ ಸಂಪರ್ಕಗಳಲ್ಲಿ ಹೋಗುವುದು ತೀರ ಕಡಿಮೆಯಿರಬಹುದು. ನೀವು ಪ್ರಸಾರ ಮಾಡುವ ಹೊತ್ತಿನಲ್ಲಿಯೇ ಅಳೆದು ನೋಡಿ, ಸಿಕ್ಕ ಅಪ್‌ಲೋಡಿನ ಮೂರನೆಯ ಎರಡು ಪಾಲನ್ನು ನಿಮ್ಮ ಬಿಟ್‌ರೇಟು ಮೀರದಿರಲಿ. 720 ಸಾಲು, 60 ಫ್ರೇಮಿಗೆ 4500 ಕಿಲೋಬಿಟ್ ಸಾಕು. ಅಡ್ವಾನ್ಸ್‌ಡ್ ಸೆಟ್ಟಿಂಗ್‌ನ ನೆಟ್‌ವರ್ಕ್ ಭಾಗದಲ್ಲಿ, ಲೈನು ಕಟ್ಟಿದಾಗ ಬಿಟ್‌ರೇಟನ್ನು ತಾನೇ ಇಳಿಸಿಕೊಳ್ಳುವ ಆಯ್ಕೆಯಿದೆ. ಅದನ್ನು ಟಿಕ್ ಮಾಡಿಡಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಒಂದು ಲೆಕ್ಕ: 6000 ಕಿಲೋಬಿಟ್‌ನಂತೆ ಒಂದು ಗಂಟೆಗೆ 2.7 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕು ಮುಕ್ಕಾಲು ಗಂಟೆಯೊಳಗೆ ಖಾಲಿ.

ಅಂಕಿಯ ಜೊತೆಗೆ ಗಡಿಯಾರವನ್ನೂ ನೋಡುವುದು ಒಳ್ಳೆಯದು. ಮೊದಲ ಹತ್ತು ಹದಿನೈದು ನಿಮಿಷ ಚೆನ್ನಾಗಿದ್ದು ಆಮೇಲೆ ಎಲ್ಲವೂ ಕುಸಿದರೆ ಅದು ಶಾಖದ ಕೆಲಸ. ಬಿಸಿಯೇರಿದ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಚೆನ್ನೈಯಲ್ಲಿ, ಹಾಸಿಗೆಯ ಮೇಲೆ ಲ್ಯಾಪ್‌ಟಾಪು ಇಟ್ಟು ಅದರ ಮೂಗು ಮುಚ್ಚಿದರೆ ಯಾವ ಕಾರ್ಡು ತಾನೇ ಏನು ಮಾಡೀತು? ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಯನ್ನು ಒಂದಿಷ್ಟು ಎತ್ತರಿಸಿ, ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ. ಚಾರ್ಜರ್ ಹಾಕಿಯೇ ಆಡಿ. ಬ್ಯಾಟರಿಯಲ್ಲಿ ಲ್ಯಾಪ್‌ಟಾಪುಗಳು ಬೇಕೆಂದೇ ನಿಧಾನವಾಗುತ್ತವೆ. ಅದಲ್ಲದೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ತೊಂದರೆ, ಬೆಳಿಗ್ಗೆ ಸರಿ ಎಂದಾದರೆ ಅದು ಬಡಾವಣೆಯ ಲೈನಿನ ದಟ್ಟಣೆ. ಸೇವೆ ಕೊಡುವವರಿಗೆ ದೂರು ಕೊಡುವಾಗ ವೇಳೆ ಸಮೇತ ಬರೆದಿಟ್ಟ ಅಂಕಿಗಳನ್ನು ತೋರಿಸಿ.

ಮೂರೂ ಸೊನ್ನೆ, ಆದರೂ ದೂರು ಬಂದರೆ? ಪ್ರಸಾರದ ಜೊತೆಗೆ ನಿಮ್ಮ ಕಂಪ್ಯೂಟರಿನಲ್ಲಿಯೇ ರೆಕಾರ್ಡ್ ಮಾಡಿ ನೋಡಿ. ರೆಕಾರ್ಡ್ ನಯವಾಗಿದ್ದರೆ ದೋಷ ನಿಮ್ಮ ಯಂತ್ರದ್ದಲ್ಲ, ನೋಡುವವರ ಲೈನಿನದ್ದಿರಬಹುದು. ಯೂಟ್ಯೂಬು ಕಡಿಮೆ ಗುಣಮಟ್ಟದ ಪ್ರತಿಗಳನ್ನೂ ತಯಾರಿಸಿ ಕೊಡುತ್ತದೆ. ಟ್ವಿಚ್‌ನಲ್ಲಿ ಸಣ್ಣ ಚಾನೆಲ್ಲುಗಳಿಗೆ ಆ ಸೌಲಭ್ಯ ಸದಾ ಸಿಗುವ ಭರವಸೆಯಿಲ್ಲ, ನೀವು ಕಳಿಸಿದ 6000 ಕಿಲೋಬಿಟ್ಟನ್ನೇ ಹಳ್ಳಿಯ ಮೊಬೈಲು ನುಂಗಬೇಕಾಗುತ್ತದೆ. ಹೊಡೆದಾಟದ ದೃಶ್ಯದಲ್ಲಿ ಮಾತ್ರ ಚಿತ್ರ ಚೌಕಚೌಕವಾಗಿ ಒಡೆದರೆ ಅದು ಫ್ರೇಮಿನ ಸಮಸ್ಯೆಯೇ ಅಲ್ಲ. ಚಲನೆಗೆ ಬಿಟ್‌ರೇಟು ಸಾಲುತ್ತಿಲ್ಲ, ಅಳತೆಯನ್ನು ಇಳಿಸಿ. ಆಟವೆಲ್ಲ ಸರಿಯಿದ್ದು ಮೂಲೆಯ ನಿಮ್ಮ ಮುಖ ಮಾತ್ರ ತಡವರಿಸುತ್ತಿದ್ದರೆ ಕೋಣೆಯ ದೀಪ ಹಾಕಿ! ಕತ್ತಲಲ್ಲಿ ವೆಬ್‌ಕ್ಯಾಮು ಬೆಳಕು ಸಾಲದೆ ಒಂದೊಂದು ಫ್ರೇಮನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಫ್ರೇಮುಗಳು ಅರ್ಧಕ್ಕೆ ಇಳಿಯುತ್ತವೆ.

ಇಷ್ಟಾದ ಮೇಲೂ ಹೊಸ ಸಾಮಾನು ಬೇಕಾಗುವ ಸಂದರ್ಭ ಉಂಟು. ಆಟದ ಮಿತಿ 60ಕ್ಕೆ ಇಳಿಸಿ, ಅಲಂಕಾರಗಳನ್ನು ತಗ್ಗಿಸಿ, 720ಕ್ಕೆ ಬಂದು, ಯಂತ್ರ ತಂಪಾಗಿದ್ದೂ ಮೊದಲ ಅಂಕಿ ಏರುತ್ತಲೇ ಇದ್ದರೆ ಕಾರ್ಡು ನಿಜವಾಗಿಯೂ ಸಾಲದು. ಹಿಂಡುವ ಭಾಗವೇ ಇಲ್ಲದ ಹಳೆಯ ಯಂತ್ರದಲ್ಲಿ ಎರಡನೆಯ ಅಂಕಿ ಇಳಿಯದಿದ್ದರೂ ಅಷ್ಟೆ. ಆಗಲೂ ಮೊದಲು ರ‍್ಯಾಮ್ ನೋಡಿ. 8 ಜಿಬಿಯ ಒಂದೇ ಕಡ್ಡಿಯಿದ್ದು, ಪ್ರತ್ಯೇಕ ಕಾರ್ಡಿಲ್ಲದ ಲ್ಯಾಪ್‌ಟಾಪಿಗೆ ಅಂಥದೇ ಇನ್ನೊಂದು ಕಡ್ಡಿ ಹಾಕಿದರೆ ಗ್ರಾಫಿಕ್ಸಿನ ಓಟವೂ ಹೆಚ್ಚುತ್ತದೆ.

ಪ್ರಯೋಗಗಳನ್ನು ನಾಲ್ಕು ಜನರ ಮುಂದೆ ಮಾಡಬೇಕೆಂದಿಲ್ಲ. ಯೂಟ್ಯೂಬಿನಲ್ಲಿ ಪ್ರೈವೇಟ್ ಎಂದಿಟ್ಟು ಯಾರಿಗೂ ಕಾಣದಂತೆ ಪರೀಕ್ಷಿಸಬಹುದು. ಪ್ರಸಾರ ನಿಲ್ಲಿಸಿದಾಗ ಒಬಿಎಸ್ ತನ್ನ ಲಾಗ್ ಕಡತದಲ್ಲಿ ಮೂರೂ ಲೆಕ್ಕಗಳನ್ನು ಶೇಕಡಾವಾರು ಬರೆದಿಡುತ್ತದೆ, ಹೆಲ್ಪ್ ಮೆನುವಿನ ಲಾಗ್ ಫೈಲ್ಸ್‌ನಲ್ಲಿ ಅದು ಸಿಗುತ್ತದೆ. ಮೂರು ರಾತ್ರಿಯ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ, ಅಪ್ಪನ ಬಳಿ ಕಾರ್ಡಿನ ಮಾತು ತೆಗೆಯುವ ದಿನ ಆ ಹಾಳೆ ಕೈಯಲ್ಲಿರಲಿ.